ಅಡುಗೆಮನೆಯ ಮೈಕು

“ಇಷ್ಟೇನಾ, ಇನ್ನೂ ಇದೆಯಾ?” ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿ ಇನ್‌ಸ್ಪೆಕ್ಟರ್ ಕೇಳಿದ.

“ಇಷ್ಟೇ ಸಾರ್,” ಅಂದ ಅಂಗಡಿಯವನು. ಬೀದಿಗೆಲ್ಲ ಅವನು ರೇಡಿಯೊ ಮಾಮ. ಬಾಯಿ ಹಾಗೆ ಅಂದರೂ ಕಣ್ಣು ಮಹಡಿಯ ಕಡೆ ಹೋಯಿತು. ಪಾಪ, ಸುಳ್ಳು ಹೇಳಿ ಅಭ್ಯಾಸವೇ ಇಲ್ಲದ ಪ್ರಾಣಿ.

ಪೆಟ್ಟಿಗೆಯಲ್ಲಿದ್ದುದು ಹವ್ಯಾಸಕ್ಕೆಂದು ಜನ ಕೊಳ್ಳುವ, ತಂತಿಯಿಲ್ಲದ ಪುಟಾಣಿ ಮೈಕುಗಳು. ಒಂದು ಕೋಣೆಯಲ್ಲಿ ಮಾತಾಡಿದರೆ ಇನ್ನೊಂದು ಕೋಣೆಯ ರೇಡಿಯೊದಲ್ಲಿ ಕೇಳುತ್ತದೆ. ಯಾರೋ ಪುಣ್ಯಾತ್ಮರು ಅವನ್ನು ಕಂಡವರ ಮಲಗುವ ಕೋಣೆಯಲ್ಲಿ ಬಚ್ಚಿಟ್ಟರು. ಕದ್ದು ಕೇಳುವ ಸಾಮಾನು ಮಾರಕೂಡದೆಂದು ಕಾನೂನು ಬಂತು. ಮಾಮ ತಕರಾರು ಮಾಡಲಿಲ್ಲ.

ಆದರೆ ಮಹಡಿಯ ಅಡುಗೆಮನೆಯಲ್ಲಿ ಒಂದಿತ್ತು. ಮಾಮ ಜೋಡಿಸಿದ ಪ್ರತಿ ಮೈಕನ್ನೂ ಅವನ ಹೆಂಡತಿ ಅಲ್ಲೇ ಪರೀಕ್ಷೆ ಮಾಡುತ್ತಿದ್ದಳು. “ರೀ, ಕೇಳಿಸ್ತಾ? ಊಟ ಆರ್ತಿದೆ. ಮೇಲೆ ಬರ್ತೀರೋ, ಆ ರೇಡಿಯೊನೇ ತಿಂತೀರೋ?” ಇವನು ಕೆಳಗಿನಿಂದ “ಬರ್ತಿದೆ, ಬರ್ತಿದೆ!” ಎಂದು ಕೂಗಬೇಕು. ಅವಳು ತೀರಿಕೊಂಡ ಮೇಲೂ ಅಲ್ಲಿದ್ದ ಕೊನೆಯ ಮೈಕನ್ನು ಅವನು ತೆಗೆದಿರಲಿಲ್ಲ. ಬ್ಯಾಟರಿ ಬದಲಿಸುತ್ತಲೇ ಬಂದಿದ್ದ. ಅಷ್ಟು ವರ್ಷ ಕೇಳಿದ ದನಿಯನ್ನು ಒಂದು ಟೇಪಿಗಾದರೂ ಹಿಡಿದಿಡಬೇಕೆಂದು ಹೊಳೆದಿರಲಿಲ್ಲ. ನಾಳೆಯೂ ಕೂಗುತ್ತಾಳಲ್ಲ ಅಂದುಕೊಂಡಿದ್ದ. ಈಗ ಒಂದೇ ಒಂದು ಸಲ ಬೈದರೂ ಸಾಕಿತ್ತು.

“ಮೇಲೇನಿದೆ?” ಅವನ ಕಣ್ಣು ಹೋದ ಕಡೆ ನೋಡಿ ಇನ್‌ಸ್ಪೆಕ್ಟರ್ ಕೇಳಿದ.

“ಒಂದಿದೆ ಸಾರ್. ಮಾರೋದಲ್ಲ. ನನ್ನ ಹೆಂಡ್ತಿ ಇಟ್ಟಿದ್ದು. ಅದೊಂದನ್ನ ಬಿಟ್ಬಿಡಿ.”

ಇನ್‌ಸ್ಪೆಕ್ಟರ್ ಕೆಟ್ಟವನಲ್ಲ. ಗೋಡೆಯ ಮೇಲಿನ ಅವಳ ಫೋಟೊ ನೋಡಿದ. “ಕೆಲ್ಸ ಮಾಡ್ತಿದ್ರೆ ತಗೊಂಡು ಹೋಗ್ಲೇಬೇಕು ಯಜಮಾನ್ರೇ. ಕೆಟ್ಟಿದ್ರೆ ಬರೀ ಪ್ಲಾಸ್ಟಿಕ್ಕು, ನನಗ್ಯಾಕೆ? ರೇಡಿಯೊ ಹಾಕಿ, ನೋಡೋಣ.”

ಮಾಮ ಗುಂಡಿ ತಿರುಗಿಸಿದ. ಗೊರಗೊರ ಅನ್ನುತ್ತಿದ್ದ ರೇಡಿಯೊ, ಮೇಲಿನ ಮೈಕು ಸಿಕ್ಕ ಕೂಡಲೇ ಸುಮ್ಮನಾಯಿತು. ಖಾಲಿ ಅಡುಗೆಮನೆಯಲ್ಲಿ ಮಾತಾಡುವವರು ಯಾರು? ಕಿವಿಗೊಟ್ಟರೆ ನಲ್ಲಿಯಿಂದ ಹನಿ ಬೀಳುವ ಸದ್ದು, ಅಷ್ಟೇ.

“ಏನೂ ಬರ್ತಿಲ್ಲ, ಅಲ್ವಾ?” ಇನ್‌ಸ್ಪೆಕ್ಟರ್ ಬೇಕಂತಲೇ ನಿಧಾನವಾಗಿ ಕೇಳಿದ.

ಹೂಂ ಅಂದಿದ್ದರೆ ಮುಗಿದಿತ್ತು. ಅವಳ ಅಡುಗೆಮನೆಯಿಂದ ಏನೂ ಬರುತ್ತಿಲ್ಲ ಅನ್ನಲು ಮಾಮನಿಗೆ ನಾಲಿಗೆ ಏಳಲಿಲ್ಲ.

“ಬರ್ತಿದೆ,” ಅಂದ, ಮಹಡಿಗೆ ಕೇಳುವಷ್ಟು ಜೋರಾಗಿ.

ಇನ್‌ಸ್ಪೆಕ್ಟರ್ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಮೆಟ್ಟಿಲು ಹತ್ತಿದ. ರೇಡಿಯೊದಲ್ಲಿ ಬೂಟಿನ ಸದ್ದು ಬಂತು, ಡಬ್ಬಿ ಸರಿಸಿದ ಸದ್ದು ಬಂತು. ಆಮೇಲೆ ಬರೀ ಗೊರಗೊರ.

ಆ ಮೈಕೂ ಸೇರಿದ ಪೆಟ್ಟಿಗೆ ಹೊತ್ತ ಜೀಪು ಹೋದಾಗ ಊಟದ ಹೊತ್ತಾಗಿತ್ತು. ಮಾಮ ರೇಡಿಯೊದ ದನಿ ಸ್ವಲ್ಪ ಏರಿಸಿ, ಕುರ್ಚಿಯನ್ನು ಅದರ ಹತ್ತಿರಕ್ಕೆ ಎಳೆದುಕೊಂಡ.