ಬಸಲಿಂಗವ್ವನ ಬಲಗಾಲಿನ ಚಪ್ಪಲಿ

ನಾನು ಒಂದು ಚಪ್ಪಲಿ, ಬಲಗಾಲಿನದು. ಗದಗಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಯಲ್ಲಪ್ಪ ಮೂರು ಸಲ ಅಳತೆ ತೆಗೆದು ನನ್ನನ್ನು ಹೊಲಿದ. ಅಂದಕ್ಕೆ ಹುಟ್ಟಿದ್ದಲ್ಲ ನಾನು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಪಾದಕ್ಕೆಂದೇ ಮೆತ್ತನೆಯ ರಬ್ಬರು, ಮೊಳೆಯಿಲ್ಲದ ತಳ, ಅಗಲ ಪಟ್ಟಿ. ಒಂದು ಪಾದ ಕಾಯುವುದಷ್ಟೇ ನನ್ನ ಕೆಲಸ. ಅದನ್ನೂ ಮಾಡಗೊಡಲಿಲ್ಲ ಎಂಬ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆ ಪಾದ ಬಸಲಿಂಗವ್ವನದು. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಗಟ್ಟಿ ಹೆಂಗಸು. ನನ್ನನ್ನು ತೊಡಿಸಿದ ದಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಯವ್ವಾ, ನಿಮ್ಮ ಕಾಲಿಗೆ ನೋವು ತಿಳಿಯಂಗಿಲ್ಲ. ಮನಿಯೊಳಗೂ ಇದನ್ನ ಹಾಕ್ಕೋಬೇಕು. ದಿನಾ ಅಂಗಾಲ ನೋಡ್ಕೋರಿ."

"ಆತ್ರಿ," ಎಂದಳು.

ಉಳಿದದ್ದೆಲ್ಲ ಮಾಡಿದಳು, ಸುಳ್ಳು ಹೇಳಬಾರದು. ಚಹಾಕ್ಕೆ ಸಕ್ಕರೆ ಬಿಟ್ಟಳು, ಅನ್ನ ಕಡಿಮೆ ಮಾಡಿದಳು, ಗುಳಿಗೆ ತಪ್ಪಿಸಲಿಲ್ಲ. ಬೆಳಿಗ್ಗೆ ನನ್ನನ್ನು ಮೆಟ್ಟಿ ಕೆರೆಯ ದಂಡೆಯವರೆಗೆ ನಡೆದಳು. ಆದರೆ ವಾಪಸು ಬಂದವಳೇ ನನ್ನನ್ನು ಹೊಸ್ತಿಲಾಚೆ ಬಿಟ್ಟು, ಬರಿಗಾಲಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದಳು. ಸೊಸೆ ಶಕುಂತಲಾ ಕೇಳಿದರೆ, "ಮಂದಿ ಉಣ್ಣೋ ಜಾಗಾದಾಗ ಕೆರಾ ತರ್ತಾರೇನ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕೆರವಂತೆ. ಔಷಧದ ಚೀಟಿಯಲ್ಲಿ ಗುಳಿಗೆಯ ಪಕ್ಕದಲ್ಲೇ ಬರೆಸಿಕೊಂಡು ಬಂದ ನಾನು ಬರೀ ಕೆರ.

ಒಂದು ಮಧ್ಯಾಹ್ನ ಊಟದ ಗದ್ದಲದಲ್ಲಿ ಒಲೆಯಿಂದ ಕೆಂಡವೊಂದು ಉರುಳಿತು. ಬಾಗಿಲಾಚೆಯಿಂದ ನನಗೆ ಕಂಡಿತು. ಪಲ್ಯ ಕೈಯಾಡಿಸುತ್ತಿದ್ದ ಬಸಲಿಂಗವ್ವ ಬಲ ಹೆಬ್ಬೆರಳನ್ನು ಸರಿಯಾಗಿ ಅದರ ಮೇಲೆ ಊರಿದಳು. ಊರಿಯೇ ನಿಂತಳು. ವಾಸನೆ ಎದ್ದಿತು.

"ರೊಟ್ಟಿ ಹೊತ್ತಸ್ತೀಯಲ್ಲ, ಎತ್ತಾಗ ಐತಿ ಲಕ್ಷ್ಯ?" ಎಂದು ಸೊಸೆಯನ್ನು ಬೈದಳು.

ಹೊತ್ತಿದ್ದು ಅವಳದೇ ಬೆರಳು. ನನಗೆ ಬಾಯಿದ್ದಿದ್ದರೆ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿದ್ದೆ.

ಸಂಜೆ ಗುಳ್ಳೆ ಕಂಡಾಗ ಅರಿಸಿನ ಮೆತ್ತಿ, "ನೋವ ಇಲ್ಲ ಬಿಡ," ಎಂದಳು. ನೋವಿಲ್ಲದ್ದೇ ರೋಗವೆಂದು ಡಾಕ್ಟರಮ್ಮ ಹೇಳಿರಲಿಲ್ಲವೇ? ಆ ಅರಿಸಿನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹತ್ತು ದಿನಕ್ಕೆ ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು.

ಮನೆಗೆ ಬಂದ ದಿನ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ಶಕುಂತಲಾ, ಅದನ್ನ ತೊಳದು ಒಳಗ ತಾರವ್ವ," ಎಂದಳು.

ಈಗ ನನಗೆ ವಯಸ್ಸಾಯಿತು. ಪಟ್ಟಿಗೆ ಎರಡು ಸಲ ಹೊಲಿಗೆ ಬಿದ್ದಿದೆ, ತಳದಲ್ಲಿ ಕೆಂಡದ ಕಲೆಗಳಿವೆ. ದಿನಾ ಸಂಜೆ ಅವಳು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾಳೆ. ಉಳಿದ ನಾಲ್ಕು ಬೆರಳುಗಳಿಗೆ ಒಂದು ಗೀರೂ ಬೀಳಲು ನಾನು ಬಿಟ್ಟಿಲ್ಲ. ಹೆಬ್ಬೆರಳು ಒತ್ತಿ ಒತ್ತಿ ಮಾಡಿದ್ದ ಗುಳಿ ಮಾತ್ರ ನನ್ನ ಮೇಲೆ ಹಾಗೇ ಇದೆ. ಅದರಲ್ಲಿ ಈಗ ಜೋಳದ ಹಿಟ್ಟು ಕೂರುತ್ತದೆ.