ಕದ್ದು ತಂದ ಗಿಡ

ಕೃಷ್ಣಮ್ಮನ ಪ್ರಕಾರ ಗಿಡವನ್ನು ಕೇಳಿ ತರಬಾರದು, ಕದ್ದೇ ತರಬೇಕು. ಕೇಳಿ ತಂದದ್ದು ಮುರುಟಿ ಹೋಗುತ್ತದೆ, ಕದ್ದದ್ದು ಹಟ ಹಿಡಿದು ಬೆಳೆಯುತ್ತದೆ. ಕದ್ದವರು ಬಾಯಿ ಬಿಡಬಾರದು, ಕಳಕೊಂಡವರು ಕೇಳಬಾರದು. ಅವಳ ಊರು ಜಾವಳಿಯ ಅರ್ಧ ಹೂಗಿಡಗಳು ಹೀಗೇ ಬೇಲಿ ದಾಟಿದವು. ಎರಡು ಸಾವಿರದ ಮೂರರಲ್ಲಿ ಮೊಮ್ಮಗಳು ಮೇಘಶ್ರೀ ಕೃಷಿ ಕಾಲೇಜಿನಿಂದ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಕೀನ್ಯಾಕ್ಕೆ ಹೊರಟಾಗಲೂ ಅಜ್ಜಿ ಕೇಳಿದ್ದು ಇದನ್ನೇ.

"ಅಲ್ಲೂ ಕಾಫಿ ಬೆಳೀತಾರಂತಲ್ಲ ಮಗಾ. ನಾಕು ಹಣ್ಣು ತಗಂಬಾ. ಯಾರನ್ನೂ ಕೇಳ್ಬೇಡ ಮತ್ತೆ."

"ಹಿಡಿದ್ರೆ ಜೈಲಿಗೆ ಹಾಕ್ತಾರೆ ಅಜ್ಜಿ."

"ನಮ್ಮ ಗಿರಿಗೆ ಕಾಫಿ ತಂದ ಬಾಬಾಬುಡನ್ ಏನು ಚೀಟಿ ಬರೆಸ್ಕೊಂಡು ತಂದಿದ್ರಾ?"

ನಮಗೆ ಬೇಸಿಗೆಯಾದರೆ ಅಲ್ಲಿ ಮಳೆಗಾಲ. ಆ ಮಳೆಯಲ್ಲಿ ಅವಳು ನೋಡಿದ್ದೆಲ್ಲ ರೋಗವೇ. ಹಸಿರು ಕಾಯಿಯ ಮೇಲೆ ಕುಳಿಬಿದ್ದ ಕಪ್ಪು ಚುಕ್ಕೆ ಏಳುತ್ತದೆ, ಮಳೆ ಬಿಡದಿದ್ದರೆ ಕಾಯಿ ಪೂರಾ ಕಪ್ಪಾಗಿ ರೆಂಬೆಯಲ್ಲೇ ಒಣಗುತ್ತದೆ. ಕಾಯಿ ಕುಯ್ದು, ಅದರ ಬೂಷ್ಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯುವುದು ಅವಳ ಕೆಲಸ. ಸಂಜೆ ಬೂಟನ್ನು ಮದ್ದಿನ ನೀರಿನಲ್ಲಿ ಅದ್ದದೆ ತೋಟದ ಗೇಟು ದಾಟುವಂತಿರಲಿಲ್ಲ. "ಇದು ನಿಮ್ಮ ದೇಶಕ್ಕೆ ಇನ್ನೂ ಬಂದಿಲ್ಲ, ಬರದಿರಲಿ" ಎಂದು ಅವಳಿಗೆ ಕೆಲಸ ಕಲಿಸುತ್ತಿದ್ದ ಅಲ್ಲಿಯ ಗೈಡ್ ಆಗಾಗ ಹೇಳುತ್ತಿದ್ದರು. ಅವರು ತಮಾಷೆ ಮಾಡುವ ಮನುಷ್ಯರಲ್ಲ.

ಹೊರಡುವ ಬೆಳಿಗ್ಗೆ ಹಾಸ್ಟೆಲಿನ ಅಂಗಳದ ಕಾಫಿ ಗಿಡವೊಂದು ಅವಳ ಕಣ್ಣಿಗೆ ಬಿತ್ತು. ಒಂದು ಚುಕ್ಕೆಯಿಲ್ಲ, ಹಣ್ಣೆಲ್ಲ ಕೆಂಪಗೆ ಮಿರಮಿರ ಎನ್ನುತ್ತಿದ್ದವು. ಇಷ್ಟು ಚೆಂದದ ಗಿಡಕ್ಕೆ ಎಲ್ಲಿಯ ರೋಗ ಅಂದುಕೊಂಡಳು. ಅಷ್ಟು ಓದಿದವಳು ಹಾಗೆ ಅಂದುಕೊಳ್ಳಬಾರದಿತ್ತು. ಒಂದು ಹಿಡಿ ಹಣ್ಣು ಕಾಲುಚೀಲದೊಳಗೆ ಸೇರಿ, ವಿಮಾನ ಇಳಿದು, ಮೂಡಿಗೆರೆಯಲ್ಲಿ ಜೀಪು ಹತ್ತಿ ಅಜ್ಜಿಯ ಮಡಿಲಿಗೆ ಬಿತ್ತು.

ಅಜ್ಜಿ ಹಣ್ಣು ಹಿಸುಕಿ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಪಾತಿಗೆ ಹಾಕಿದಳು. ಸಿಪ್ಪೆಯನ್ನು ಬಚ್ಚಲ ಹಿಂದಿನ ಹಳೇ ಕಾಫಿ ಗಿಡದ ಬುಡಕ್ಕೆ ಎಸೆದಳು. ಮೇಘಶ್ರೀ ಕಾಲೇಜಿಗೆ ಹೋದಳು.

ಮರುವರ್ಷ ಆಷಾಢದಲ್ಲಿ ಊರಿಗೆ ಬಂದವಳು ಬಚ್ಚಲ ಹಿಂದೆ ಕಾಲು ತೊಳೆಯಲು ಹೋಗಿ ನಿಂತುಬಿಟ್ಟಳು. ಹಳೇ ಗಿಡದ ಹಸಿರು ಕಾಯಿಗಳ ಮೇಲೆ ಕುಳಿಬಿದ್ದ ಕಪ್ಪು ಚುಕ್ಕೆ. ತಾನೇ ಬರೆದೂ ಬರೆದೂ ಕೈ ಪಳಗಿದ್ದ ಚಿತ್ರ.

ಕತ್ತಿ ತಂದು ಗಿಡ ಕಡಿದು, ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟಳು. ಹಸಿ ಗಿಡ ಹೊಗೆಯಾಡಿತೇ ಹೊರತು ಸರಿಯಾಗಿ ಉರಿಯಲಿಲ್ಲ. ರೋಗದ ಮಾತು ಅಜ್ಜಿಯ ಕಿವಿಗೇ ಹೋಗಲಿಲ್ಲ. ಎಲೆಗೆ ತುಕ್ಕು, ಕಾಂಡಕ್ಕೆ ಕೊರಕ ಹುಳ, ಎಲ್ಲ ನೋಡಿಯೇ ಅವಳ ತಲೆ ಬೆಳ್ಳಗಾಗಿತ್ತು. ಮೇಘಶ್ರೀ ಪಾತಿಗೆ ಓಡಿದಳು. ಪಾತಿ ಬರಿದಾಗಿತ್ತು.

"ಅಜ್ಜೀ, ಸಸಿ ಎಲ್ಲಿ?"

"ಹೋದ್ವು!" ಅಜ್ಜಿಯ ಮುಖ ಅರಳಿತು. "ಫಾರಿನ್ ಗಿಡ ಅಂತ ಊರಿಗೆಲ್ಲ ಹೇಳಿದ್ದೆ. ಬೇಲಿ ಬಾಗಿಲು ನಾನೇ ತೆಗೆದಿಟ್ಟಿದ್ದೆ. ಒಂದೂ ಬಿಡದೆ ಕದ್ರು ಮಾರಾಯ್ತಿ. ದೂರದ ಸಂಸೆಯಿಂದ ನೆಂಟ್ರೂ ಬಂದು ಹೋದ್ರು."

"ಯಾರ್ಯಾರು ತಗಂಡ್ರು?"

"ಅದನ್ನ ನೋಡ್ತಾರಾ? ನೋಡ್ಬಾರ್ದು ಅಂತ್ಲೇ ನಾನು ಒಳಗೆ ಹೋಗಿ ಕೂತಿದ್ದೆ."

ಮೇಘಶ್ರೀ ಮನೆಮನೆ ತಿರುಗಿದಳು. ಪಕ್ಕದ ತೋಟದ ಚನ್ನಕೇಶವ ಕಾಫಿ ಕೊಟ್ಟು, "ನಮ್ಮಲ್ಲಿ ಎಲ್ಲಿದೆ ಮಗಾ?" ಎಂದು ನಕ್ಕರು.

"ಅದ್ರಲ್ಲಿ ರೋಗ ಇದೆ ಮಾವ. ನಿಮ್ಮ ತೋಟ, ನಮ್ಮ ತೋಟ, ಎಲ್ಲಾ ಹೋಗುತ್ತೆ," ಎನ್ನುತ್ತ ಅವಳು ಅತ್ತೇಬಿಟ್ಟಳು.

ಚನ್ನಕೇಶವರ ಕಣ್ಣು ಒಂದು ಗಳಿಗೆ ತೋಟದ ಕಡೆ ಹೊರಳಿತು. ಆಮೇಲೆ, "ಬಾಯಿ ಬಿಡಿಸೋಕೆ ಒಳ್ಳೇ ಉಪಾಯ ಹುಡುಕಿದ್ದೀಯ ಬಿಡು," ಎಂದರು.

ಅವರ ಅಂಗಳದಾಚೆಯ ಇಳಿಜಾರಿನ ತುಂಬ ಆಗಷ್ಟೇ ನೆಟ್ಟ ಕಾಫಿ ಸಸಿಗಳು. ಎದುರು ಗುಡ್ಡದಲ್ಲೂ ಅವೇ, ಎಲ್ಲವೂ ಒಂದೇ ಥರ. ಯಾವುದೆಂದು ಕೀಳುವುದು? ಮೋಡ ಕವಿದು ಮಳೆ ಹಿಡಿಯಿತು.

ನೆನೆದುಕೊಂಡು ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಯಾರಾದ್ರೂ ಒಪ್ಕೊಂಡ್ರಾ?"

"ಇಲ್ಲ ಅಜ್ಜಿ. ಒಬ್ರೂ ಇಲ್ಲ."

"ನಾನು ಹೇಳ್ಲಿಲ್ವಾ," ಅಜ್ಜಿ ಸಮಾಧಾನದಿಂದ ಅಂದಳು. "ಹಂಗಾದ್ರೆ ಎಲ್ಲಾವೂ ಬೇರು ಹಿಡಿದಿದಾವೆ."