ಹೂತುಹೋದ ಸೊನ್ನೆ

ನಾನು ಒಂದು ಗೇಜು. ಕಾಲುವೆಯಲ್ಲಿ ಎಷ್ಟು ಅಡಿ ನೀರು ಹರಿಯುತ್ತಿದೆ ಎಂದು ತೋರಿಸುವ ಅಳತೆಪಟ್ಟಿ. ಐದು ಅಡಿಯ ಕಬ್ಬಿಣದ ಮೈ, ಬಿಳಿ ಬಣ್ಣದ ಮೇಲೆ ಕಪ್ಪು ಅಂಕಿಗಳು. ಬುಡದಲ್ಲಿ ಸೊನ್ನೆ, ತಲೆಯಲ್ಲಿ ಐದು. ನನ್ನ ಮೇಲೆ ಅಂಕಿ ಬರೆದ ಪೇಂಟರ್ ಸೊನ್ನೆಯನ್ನು ಮಾತ್ರ ಎರಡು ಸಲ ಒರೆಸಿ ಬರೆದ. “ಇದೊಂದು ಸರಿ ಇದ್ರ ಉಳಿದಾವೆಲ್ಲ ಸರಿ ಇರ್ತಾವ” ಎಂದ. ಆ ಮಾತು ಕೇಳಿ ನನಗೆ ಸ್ವಲ್ಪ ಜಂಬವೇ ಬಂತು.

ರಾಯಚೂರು ಕಡೆಯ ಒಂದು ಉಪಕಾಲುವೆಯ ಗೋಡೆಗೆ ನನ್ನನ್ನು ಬಡಿದು ನಿಲ್ಲಿಸಿದರು. ಕಾಲುವೆಯ ತಳಕ್ಕೆ ಸರಿಯಾಗಿ ನನ್ನ ಸೊನ್ನೆ. ನನ್ನನ್ನು ನೋಡಿಕೊಳ್ಳುವವರು ಕಾಲುವೆ ಕಾಯುವ ಲಸ್ಕರ್ ಖಾಸಿಂಸಾಬರು. ದಿನಕ್ಕೆ ಎರಡು ಹೊತ್ತು ಬಂದು, ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮುಖದ ಪಾಚಿ ಒರೆಸಿ, ನೀರು ಮುಟ್ಟಿದ ಅಂಕಿಯನ್ನು ಗಟ್ಟಿಯಾಗಿ ಓದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಮೂರು ಅಡಿ ತೋರಿಸಿದರೆ ಕಾಲುವೆಯ ಕೊನೆಯ ಊರು ಬಸರಿದಿನ್ನಿಗೂ ನೀರು ಮುಟ್ಟುತ್ತಿತ್ತು. ಹನ್ನೊಂದು ವರ್ಷ ನಾನು ಒಂದೇ ಒಂದು ಸುಳ್ಳು ಹೇಳಲಿಲ್ಲ.

ಆಮೇಲೆ ಕಾಲುವೆ ರಿಪೇರಿ ಬಂತು. ಬೇಸಿಗೆಯಲ್ಲಿ ನೀರು ನಿಲ್ಲಿಸಿ, ತಗ್ಗುದಿನ್ನೆ ತುಂಬಿ, ತಳಕ್ಕೆಲ್ಲ ಕಾಂಕ್ರೀಟ್ ಹಾಕಿದರು. ನಾನು ನಿಂತ ಜಾಗದಲ್ಲಿ ತಳ ಒಂದು ಅಡಿ ಮೇಲೆ ಬಂತು. ತಳವನ್ನು ಎತ್ತರಿಸಿದವರಿಗೆ ನನ್ನನ್ನೂ ಎತ್ತರಿಸಬೇಕೆಂದು ಹೊಳೆಯಲಿಲ್ಲ. ನನ್ನ ಸೊನ್ನೆ ಕಾಂಕ್ರೀಟಿನೊಳಗೆ ಹೂತುಹೋಯಿತು. ನೋಡಲು ಬಂದ ಸಾಹೇಬರು ದಂಡೆಯ ಮೇಲಿಂದಲೇ ಕೆಲಸ ಚೆನ್ನಾಗಿದೆ ಎಂದು ಸಹಿ ಹಾಕಿದರು. ಜೀಪಿನಿಂದ ಇಳಿಯಲೂ ಇಲ್ಲ.

ಮಳೆಗಾಲಕ್ಕೆ, ನಾನು ಮೂರು ತೋರಿಸುವಷ್ಟು ನೀರು ಬಿಟ್ಟರು. ಎರಡೇ ಅಡಿ ನೀರಿದ್ದರೂ ಅದು ನನ್ನ ಮೂರರ ಗೆರೆ ಮುಟ್ಟಿತು. ಖಾಸಿಂಸಾಬರು ಎಂದಿನಂತೆ ನನ್ನ ಮುಖ ಒರೆಸಿ “ಮೂರು” ಎಂದು ಓದಿದರು. ಅಲ್ಲ, ಎರಡು ಎಂದು ಕೂಗಬೇಕೆನಿಸಿತು. ನನಗೆ ಬಾಯಿ ಎಲ್ಲಿದೆ?

ಬಸರಿದಿನ್ನಿಯ ಹುಲಿಗೆವ್ವನಿಗೆ ಕಾಲುವೆಯ ಕಟ್ಟಕಡೆಯ ತೂಬಿನ ಕೆಳಗೆ ಎರಡು ಎಕರೆ ಭತ್ತ. ತೆನೆ ಹಾಲುಗಟ್ಟುವ ಹೊತ್ತಿಗೆ ಆಕೆಯ ತೂಬಿಗೆ ನೀರೇ ಹತ್ತಲಿಲ್ಲ. ಅರ್ಜಿ ಬರೆಸಿದಳು. ಆಫೀಸಿನಿಂದ ಉತ್ತರ ಬಂತು: ಗೇಜು ಮೂರು ಅಡಿ ಇದೆ, ನೀರು ಪೂರ್ಣ ಪ್ರಮಾಣದಲ್ಲಿ ಹರಿಯುತ್ತಿದೆ. ಮರುವರ್ಷವೂ ಅದೇ ಅರ್ಜಿ, ಅದೇ ಉತ್ತರ. ಪೂರ್ಣ ಹರಿಯುವ ನೀರು ಮುಟ್ಟದಿದ್ದರೆ ನಡುವೆ ಯಾರೋ ಕದಿಯುತ್ತಿರಬೇಕು ತಾನೆ? ಕೆಳಗಿನ ಊರಿನವರು ಮೇಲಿನ ಊರಿನವರ ಮೇಲೆ ಬಡಿಗೆ ಹಿಡಿದು ಹೋದರು. ಮೂರನೆಯ ವರ್ಷ ಹುಲಿಗೆವ್ವ ನನ್ನೆದುರಿಗೇ ಖಾಸಿಂಸಾಬರನ್ನು ತಡೆದು ನಿಂತಳು.

“ಮೇಲಿನೋರಿಗೆ ಕದ್ದು ತೂಬು ಬಿಡಾವ ನೀನ ಅದಿ. ನನ್ನ ಪೈರು ಒಣಗಿಸಿ ನಿನಗೇನು ಬಂತಣ್ಣಾ?”

“ತಂಗೀ, ಗೇಜು ನೋಡು, ಮೂರೈತಿ. ನಾ ಸುಳ್ಳು ಬರಿಯಾವ ಅಲ್ಲ.”

ಅವರು ನನ್ನ ಕಡೆಗೆ ಕೈ ತೋರಿಸಿದರು. ನನ್ನ ಜೀವನದಲ್ಲಿ ಅಷ್ಟು ನಾಚಿಕೆಯ ಗಳಿಗೆ ಇನ್ನೊಂದಿಲ್ಲ. ಹುಲಿಗೆವ್ವನ ದೂರಿನ ಮೇಲೆ ಅವರನ್ನು ದೂರದ ಕಾಲುವೆಗೆ ವರ್ಗ ಮಾಡಿದರು. ಬದಲಿಗೆ ಬಂದವನು ದಂಡೆಯ ಮೇಲೆ ನಿಂತೇ ಮೂರು ಎಂದು ಬರೆದುಕೊಂಡು ಹೋಗುತ್ತಿದ್ದ.

ನಾಲ್ಕನೆಯ ಬೇಸಿಗೆಯಲ್ಲಿ ಬಸರಿದಿನ್ನಿಯವರೇ ಸೇರಿ ಹೂಳೆತ್ತಲು ಬಂದರು. ನನ್ನ ಕಾಲಬಳಿಯ ಕೆಸರು ಹುಲಿಗೆವ್ವನ ಪಾಲಿಗೆ ಬಂತು. ಸಲಿಕೆ ಕಾಂಕ್ರೀಟಿಗೆ ಠಣ್ಣೆಂದು ತಾಗಿತು. ಆಕೆ ಬಗ್ಗಿ, ಸೆರಗಿನಿಂದ ನನ್ನ ಬುಡ ಒರೆಸಿದಳು. ಐದು, ನಾಲ್ಕು, ಮೂರು, ಎರಡು, ಒಂದು ಎಂದು ಬೆರಳಿಟ್ಟು ಕೆಳಗಿಳಿದಳು. ಒಂದರ ಕೆಳಗೆ ಕಾಂಕ್ರೀಟ್.

“ಇದರ ಸೊನ್ನೆ ಎಲ್ಲೈತಿ?”

ಎಲ್ಲರ ಸಲಿಕೆಗಳೂ ನಿಂತವು. ಆಕೆ ಅಲ್ಲೇ ಕುಕ್ಕರಿಸಿದಳು. “ಪಾಪ, ಆ ಮನಷ್ಯಾಗ ಏನ್ ಅಂದುಬಿಟ್ನೆವ್ವಾ ನಾನು” ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಕೇಳಿಸಿದ್ದು ನನಗೆ.

ಈ ಸಲ ಬಸರಿದಿನ್ನಿಯವರು ಅರ್ಜಿ ಬರೆಸಲಿಲ್ಲ. ಸಾಹೇಬರನ್ನೇ ಕರೆತಂದು ಕಾಲುವೆಯೊಳಗೆ ಇಳಿಸಿದರು. ಟೇಪು ಹಿಡಿದರು. ಕಾಂಕ್ರೀಟ್ ಒಡೆದು ನನ್ನನ್ನು ಕಿತ್ತರು. ಹೊಸ ಗೇಜನ್ನು ಸೊನ್ನೆ ತಳಕ್ಕೆ ಬರುವಂತೆ ನಿಲ್ಲಿಸಿದರು. ಆಮೇಲೆ ಸಾಹೇಬರು ಊರವರ ಸಭೆಯಲ್ಲಿ ವರದಿ ಓದಿದರು: ‘ಗೇಜು ದೋಷಪೂರಿತವಾಗಿದ್ದರಿಂದ ನೀರಿನ ಪ್ರಮಾಣದಲ್ಲಿ ವ್ಯತ್ಯಾಸವಾಗಿದೆ. ಸದರಿ ಗೇಜನ್ನು ತೆಗೆದುಹಾಕಲಾಗಿದೆ.’ ಅಷ್ಟೇ. ನಾಲ್ಕು ವರ್ಷದ ತಪ್ಪಿಗೆ ವರದಿಯಲ್ಲಿ ಹೊಣೆಯಾದದ್ದು ನಾನೊಬ್ಬನೇ.

ಹುಲಿಗೆವ್ವ ಎದ್ದು ನಿಂತಳು. “ತಗಡಿನ ಹೆಸರು ಬರದೀರಿ ಸಾಹೇಬ್ರ. ಸಹಿ ಮಾಡಿದೋರ ಹೆಸರು?”

ಸಾಹೇಬರು ಕಾಗದ ಮಡಚಿಕೊಂಡರು. ಆಕೆ ಇವತ್ತಿಗೂ ಪ್ರತಿ ಸಭೆಯಲ್ಲೂ ಅದನ್ನೇ ಕೇಳುತ್ತಾಳೆ.

ಗುಜರಿಗೆ ಹೋಗಬೇಕಿದ್ದ ನನ್ನನ್ನು ಹುಲಿಗೆವ್ವ ಹೊತ್ತು ತಂದು ತನ್ನ ಗದ್ದೆಯ ಕಾಲುವೆ ಬಾಯಿಗೆ ನಿಲ್ಲಿಸಿದಳು. ಮೈಯೆಲ್ಲ ತುಕ್ಕು, ಬುಡಕ್ಕೆ ಒಂದು ಅಡಿ ಕಾಂಕ್ರೀಟಿನ ಕಲೆ. ಹೊಸ ಗೇಜಿನಲ್ಲಿ ಮೂರು ತೋರಿಸಲು ನಿಜವಾಗಿ ಮೂರು ಅಡಿ ಬಿಡಲೇಬೇಕಾಯಿತು. ಐದನೆಯ ವರ್ಷ ಆಕೆಯ ತೂಬಿಗೆ ನೀರು ಹತ್ತಿತು.

ಆ ದಿನ ಆಕೆ ಹೇಳಿಕಳಿಸಿದ್ದಕ್ಕೆ ಖಾಸಿಂಸಾಬರು ಬಂದರು. ಆಗಲೇ ನಿವೃತ್ತರಾಗಿದ್ದರು. ಹುಲಿಗೆವ್ವ ಕೈಮುಗಿದು “ತಪ್ಪಾತಣ್ಣಾ” ಎಂದಳು.

“ನಂದೂ ತಪ್ಪೈತಿ ತಂಗಿ. ದಿನಾ ಇದರ ಮುಖ ತೊಳದೆ, ಕಾಲು ನೋಡಲಿಲ್ಲ.”

ಅವರು ನನ್ನ ಬಳಿ ಕುಳಿತು ಟವೆಲ್ಲಿನಿಂದ ಮುಖ ಒರೆಸಿದರು. ಆದರೆ ತಕ್ಷಣ ಅಂಕಿ ಓದಲಿಲ್ಲ. ಅಂಗಿಯ ತೋಳು ಮಡಚಿ, ನೀರಿನೊಳಗೆ ಕೈ ಇಳಿಬಿಟ್ಟು, ಕೆಸರಿನಲ್ಲಿ ತಡಕಾಡಿ ನನ್ನ ಸೊನ್ನೆಯನ್ನು ಮುಟ್ಟಿ ನೋಡಿದರು. ಆಮೇಲೆ ಗಟ್ಟಿಯಾಗಿ ಓದಿದರು.

“ಅರ್ಧ ಅಡಿ.”